ಎಡಗೈಯ ಗುಟ್ಟು

"ನಿಲ್ಸೇ! ಅಲ್ಲೇ ನಿಲ್ಸು!"

ಜಾದೂಗಾರ ಕೂಗಿದ ರಭಸಕ್ಕೆ ಅವನ ತಂಗಿಯ ಮಗಳು ಕೀಬೋರ್ಡಿನ ಮೇಲೆ ಎರಡೂ ಕೈ ಊರಿಬಿಟ್ಟಳು. ಕಂಪ್ಯೂಟರಿನ ಪರದೆಯಲ್ಲಿ ಅವನೇ ನಿಂತಿದ್ದ. ಮೇಲೆತ್ತಿದ ಬಲಗೈ ಬೆರಳು ಬಿಚ್ಚಿ, ನಾಣ್ಯ ಮಾಯವಾಯಿತು ನೋಡಿ ಎನ್ನುತ್ತಿತ್ತು. ಕೆಳಗೆ ಇಳಿಬಿಟ್ಟ ಎಡಗೈಯ ಬೆರಳ ಸಂದಿಯಲ್ಲಿ ಅದೇ ನಾಣ್ಯ, ಅಂಚಿನ ಗೆರೆಗಳ ಸಮೇತ, ಫಳಫಳ ಹೊಳೆಯುತ್ತಿತ್ತು.

ಹೊಸ ಎಚ್‌ಡಿ ಕ್ಯಾಮೆರಾ ತಂದ ದಿನ, "ಇದ್ರಲ್ಲಿ ಸೊಳ್ಳೆಗೆ ಮೀಸೆ ಇದ್ರೂ ಕಾಣುತ್ತೆ" ಎಂದು ಬೀದಿಗೆಲ್ಲ ಸಾರಿ ಬಂದವನು ಅವನೇ.

"ಎಲ್ಲಿ ನಿಂತು ತೆಗೆದೆಯೇ ಇದನ್ನ?" ಎಂದು ಹೆಂಡತಿಯ ಕಡೆ ತಿರುಗಿದ.

"ಯಾವಾಗ್ಲೂ ನಿಲ್ಲೋ ಕಡೆನೇ ರೀ, ರಂಗದ ಪರದೆ ಪಕ್ಕ. ಜಾಗ ಬಿಟ್ಟು ಕದಲಬೇಡ ಅಂತ ನೀವೇ ತಾನೆ ಹೇಳೋದು?"

ಮದುವೆಯಾದಾಗಿನಿಂದ ಅವಳು ರಂಗದ ಮಗ್ಗುಲಲ್ಲಿ ನಿಂತು ಕರವಸ್ತ್ರ, ಪಾರಿವಾಳ ಒದಗಿಸುತ್ತ ಬಂದವಳು. ಅವನ ಗುಟ್ಟೆಲ್ಲ ಕಾಣುವುದು ಜಗತ್ತಿನಲ್ಲಿ ಆ ಒಂದೇ ಜಾಗದಿಂದ. ಪುಣ್ಯಾತ್ಗಿತ್ತಿ ಕ್ಯಾಮೆರಾವನ್ನೂ ಅಲ್ಲೇ ಇಟ್ಟಿದ್ದಳು!

ದೊಡ್ಡ ರಂಗಮಂದಿರದವರು ವರ್ಷಪೂರ್ತಿ ಆಟ ಆಡಲು ಒಬ್ಬ ಜಾದೂಗಾರನನ್ನು ಆರಿಸುವವರಿದ್ದರು. ನಿಜವಾದ ಪ್ರೇಕ್ಷಕರ ಮುಂದೆ ಮಾಡಿದ ಒಂದು ಆಟವನ್ನು, ಎಲ್ಲೂ ಕತ್ತರಿ ಹಾಕದೆ, ಇವತ್ತು ಸಂಜೆಯೊಳಗೆ ಅವರ ವೆಬ್‌ಸೈಟಿಗೆ ಏರಿಸಬೇಕಿತ್ತು. ಹುಟ್ಟುಹಬ್ಬಗಳಲ್ಲಿ ಬಲೂನು ಊದಿ ಊದಿ ಸುಸ್ತಾಗಿದ್ದ ಅವನಿಗೆ ಇಂಥ ಅವಕಾಶ ಇನ್ನೊಮ್ಮೆ ಬರುವಂತಿರಲಿಲ್ಲ.

"ಇನ್ನೊಂದ್ಸಲ ತೆಗೆಯೋಣ?"

"ಸಭಾಂಗಣ ತುಂಬ ಜನಾನ ಈಗೆಲ್ಲಿಂದ ತರ್ತೀರಿ ಮಾಮ?" ಹುಡುಗಿ ಪರದೆಯನ್ನೇ ದಿಟ್ಟಿಸುತ್ತ ಕೂತಳು. ಇದ್ದಕ್ಕಿದ್ದಂತೆ ಅವಳ ಕಣ್ಣು ಅರಳಿತು. "ಮಾಮ, ಬೇಜಾರು ಮಾಡ್ಕೋಬೇಡಿ. ನಿಮ್ಮ ಎಚ್‌ಡಿನ ಸ್ವಲ್ಪ ಕೆಡಿಸ್ಲಾ?"

"ಕೆಡಿಸೋದಾ?"

"ವೆಬ್‌ಸೈಟಿಗೆ ಹೇಗಿದ್ರೂ ಫೈಲ್ ಚಿಕ್ಕದು ಮಾಡ್ಲೇಬೇಕು. ಚಿತ್ರ ಮಂಕಾಗಬಾರದು ಅಂತ ಬೆಳಗಿಂದ ಒದ್ದಾಡ್ತಿದ್ದೆ. ಈಗ ಮಂಕಾಗ್ಲಿ ಅಂತ ಒದ್ದಾಡೋದು!"

"ಮೋಸ ಆಗಲ್ವೇನೇ?" ಎಂದಳು ಹೆಂಡತಿ.

"ಅತ್ತೆ, ಮಾಮಂದು ಕಣ್ಕಟ್ಟು, ನಂದೂ ಕಣ್ಕಟ್ಟು. ಮನೆತನದ ಕಸುಬು."

ಮೂವರೂ ಕಂಪ್ಯೂಟರಿಗೆ ಮುತ್ತಿಕೊಂಡರು. ಹುಡುಗಿ ಚಿತ್ರದ ಅಳತೆ ಇಳಿಸಿದಳು. ನಾಣ್ಯ ಇನ್ನೂ ಕಿಡಿಯಂತೆ ಮಿನುಗಿತು. ಫೈಲನ್ನು ಬಿಗಿಯಾಗಿ ಹಿಂಡಿದಳು, ನಾಣ್ಯದ ಜೊತೆ ಜಾದೂಗಾರನ ಮೂಗೂ ಹೋಯಿತು. "ಅಯ್ಯೋ, ಮೂಗು ಬೇಕು ಕಣೇ!" ಎಂದು ಅವನು ಕುರ್ಚಿಯಿಂದ ನೆಗೆದ. ಸ್ವಲ್ಪ ಸಡಿಲಿಸಿ, ಒಂದು ಬಿಟ್ಟು ಒಂದು ಫ್ರೇಮು ಕಿತ್ತು ಹಾಕಿದಳು. ಪರಿವರ್ತನೆಯ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳಿತು. ಹೆಂಡತಿ ಗಡಿಯಾರ ನೋಡಿದಳು, ಅವನು ಉಗುರು ಕಚ್ಚಿದ.

"ಆಯ್ತು!" ಎಂದು ಹುಡುಗಿ ಗುಂಡಿ ಒತ್ತಿದಳು.

ಪರದೆಯ ಮೇಲೆ ನಾಣ್ಯ ಹಿಡಿದ ಬಲಗೈ ಮೇಲೇರಿತು, ಮುಷ್ಟಿ ಬಿಗಿಯಿತು, ಉಫ್ ಎಂದಿತು ತುಟಿ, ಬಿಚ್ಚಿತು ಬೆರಳು. ಕೈ ಖಾಲಿ! ಸಭಾಂಗಣದಲ್ಲಿ ಮಕ್ಕಳು ಕಿರುಚಿದರು. ಇಷ್ಟು ವರ್ಷ ಬೇರೆಯವರ ಬಾಯಿಂದ ಕೇಳಿದ್ದ "ಹಾ!" ಈಗ ಜಾದೂಗಾರನ ಬಾಯಿಂದಲೇ ಹೊರಬಿತ್ತು. ಅವನಿಗೇ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ಕಳಿಸೇ ಮೊದ್ಲು!" ಎಂದು ಹೆಂಡತಿ ಅವಸರಿಸಿದಳು. ಹುಡುಗಿ ಕಳಿಸಿದಳು. 'ಸ್ವೀಕರಿಸಲಾಗಿದೆ' ಎಂದು ಉತ್ತರ ಬಂತು. ಅತ್ತೆ ಸೊಸೆ ಇಬ್ಬರೂ ಕೈ ಕೈ ಹಿಡಿದು ಕುಣಿದರು.

ಜಾದೂಗಾರ ಮಾತ್ರ ಪರದೆಯ ಮುಂದಿನಿಂದ ಏಳಲಿಲ್ಲ.

"ಇನ್ನೊಂದ್ಸಲ ಹಾಕು," ಎಂದ. ಉಸಿರು ಬಿಗಿಹಿಡಿದು ನೋಡಿದ. "ಎಲ್ಲೇ ಹೋಯ್ತು ಅದು?"

ತಮಾಷೆ ಮಾಡುತ್ತಿದ್ದಾನೆಂದು ಇಬ್ಬರೂ ನಕ್ಕರು. ಅವನು ನಗಲಿಲ್ಲ. ತನ್ನ ಎಡಗೈಯನ್ನು ಕಣ್ಣೆದುರಿಗೆ ತಂದು, ಒಂದೊಂದೇ ಬೆರಳು ಬಿಚ್ಚಿ ನೋಡುತ್ತಿದ್ದ.