ತಂಗಿಯ ಕೈಬರಹ

"ಸಾರ್, ಕಾರ್ಡೆಲ್ಲ ತಲೆಕೆಳಗಾಗಿ ನೇತುಹಾಕಿಬಿಟ್ಟಿದ್ದಾರೆ!" ಪ್ರದರ್ಶನದ ವರದಿಗೆ ಬಂದಿದ್ದ ಪತ್ರಿಕೆಯವನು ಗಾಬರಿಯಿಂದ ಕೂಗಿದ.

ಕಲಾವಿದ ನಕ್ಕ. "ಬೇಕಂತಲೇ ಹಾಕಿಸಿದ್ದು. ನೆಟ್ಟಗಿದ್ರೆ ಓದೋಕೆ ಶುರು ಮಾಡ್ತೀರಿ. ಓದೋರಿಗೆ ಅಕ್ಷರ ಕಾಣಲ್ಲ. ಅದೂ ಅಲ್ದೆ, ತಂಗಿ ಅಣ್ಣನಿಗೆ ಬರೆದ ಮಾತು ಊರವರಿಗೆ ಯಾಕೆ?"

ಸುತ್ತ ನಿಂತವರು ತಲೆದೂಗಿದರು. ಹಿಂದೆ ನಿಂತಿದ್ದ ನರ್ಸ್ ಕಾಲ್ಬೆರಳ ಮೇಲೆ ನಿಂತು ಇಣುಕಿದಳು. ಅವಳು ಆ ತಂಗಿಯ ಮಗಳು. ಆಸ್ಪತ್ರೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿಬಂದಿದ್ದಳು.

ಅಮ್ಮ ಮೆಟ್ಟಿಲು ಜಾರಿ ಬಿದ್ದು ಸತ್ತಾಗ ಅವಳಿಗೆ ಮಾತು ಕೂಡ ಬರುತ್ತಿರಲಿಲ್ಲ. ಅಪ್ಪ ಒಂದು ಫೋಟೋವನ್ನೂ ಉಳಿಸಿರಲಿಲ್ಲ. ಈ ಸೋದರಮಾವ ಮಾತ್ರ ತಂಗಿಯ ಹಳೆಯ ಅಂಚೆ ಕಾರ್ಡುಗಳನ್ನು ಕಣ್ಣರೆಪ್ಪೆಯಂತೆ ಕಾಪಾಡಿದ್ದ. ಅಂಗಡಿ ಬೋರ್ಡು ಬರೆಯುತ್ತ ಮೇಲೆ ಬಂದು, ಅಕ್ಷರ ಕಲೆಯಲ್ಲಿ ಹೆಸರು ಮಾಡಿದವನು. ಈಗ ಗೋಡೆಯುದ್ದಕ್ಕೂ ಜನರನ್ನು ನಡೆಸಿಕೊಂಡು ಹೋಗುತ್ತಿದ್ದ.

"ಇವು ಮದುವೆಯಾದ ಹೊಸದರಲ್ಲಿ ಬರೆದವು. ದುಂಡಗೆ, ಮುದ್ದಾಗಿವೆ. ಆದರೆ ಜೀವ ಇಲ್ಲ. ಈ ಕಡೆ ಬನ್ನಿ. ಕೊಂಬು ಹೇಗೆ ಒಡೆದಿದೆ ನೋಡಿ. ಈ ದೀರ್ಘ ಕಾರ್ಡಿನ ಅಂಚನ್ನೇ ದಾಟ್ತಿದೆ. ಕಲಿಸಿದ್ರೆ ಬರೋ ವಿದ್ಯೆ ಅಲ್ಲ ಇದು."

ಅವಳು ಮೆಲ್ಲಗೆ ಅವನ ತೋಳು ಹಿಡಿದಳು. "ಮಾವ, ಒಂದೇ ಒಂದು ಕಾರ್ಡು ನನಗೆ ಕೊಡ್ತೀಯಾ?"

"ಒಂದು ಹಲ್ಲು ಕಿತ್ರೆ ಬಾಯೇ ಬೊಕ್ಕ ಆಗುತ್ತಮ್ಮ," ಎಂದು ಅವಳ ಕೆನ್ನೆ ತಟ್ಟಿದ.

ಎಲ್ಲರೂ ಚಹಾಕ್ಕೆಂದು ಪಕ್ಕದ ಕೋಣೆಗೆ ಹೋದರು. ಅವಳು ಕೊನೆಯ ಚೌಕಟ್ಟನ್ನು ಮೊಳೆಯಿಂದ ಎತ್ತಿಕೊಂಡಳು. ಕದಿಯಲಿಕ್ಕಲ್ಲ. ಅಮ್ಮನ ದನಿಯನ್ನು ಒಮ್ಮೆ ಕೇಳಬೇಕಿತ್ತು, ಅಷ್ಟೆ. ನೆಟ್ಟಗೆ ತಿರುಗಿಸಿ ಹಿಡಿದಳು.

'ಅಣ್ಣಾ, ಇವತ್ತು ಇವರು ನನ್ನ ಎಡಗೈ ಮುರಿದರು. ಬಲಗೈ ನೆಟ್ಟಗಿರುವಾಗಲೇ ಬರೆಯುತ್ತಿದ್ದೇನೆ. ಬಂದು ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗು. ನಿನ್ನ ಮನೆಯಲ್ಲಿ ಕಸ ಗುಡಿಸಿಕೊಂಡು ಬಿದ್ದಿರುತ್ತೇನೆ.'

ಪಕ್ಕದ್ದನ್ನು ತೆಗೆದಳು. ಅದರಲ್ಲೂ ಅದೇ: ಬಂದು ಕರೆದುಕೊಂಡು ಹೋಗು. ಅದರ ಪಕ್ಕದ್ದರಲ್ಲೂ.

ಚೌಕಟ್ಟುಗಳನ್ನು ಮುಂದಿಟ್ಟುಕೊಂಡು ಅವಳು ನೆಲದ ಮೇಲೆ ಕುಳಿತಳು. ಮೆಟ್ಟಿಲು ಜಾರಿದೆನೆಂದು ಹೇಳಿಕೊಂಡು ಬರುವ ಹೆಂಗಸರ ಕೈಗಳಿಗೆ ಅವಳು ದಿನಾ ಪಟ್ಟಿ ಕಟ್ಟುತ್ತಿದ್ದಳು. ಅಪ್ಪ ಹೇಳಿದ ಸುಳ್ಳನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಮಾವನ ನೆನಪಾಯಿತು. ಪಾಪದವನು! ಅಕ್ಷರದ ಅಂದಕ್ಕೇ ಸೋತು, ಒಂದು ಸಾಲನ್ನೂ ಓದದೆ ಇಷ್ಟು ವರ್ಷ ಕಳೆದಿದ್ದಾನೆ. ಈ ವಯಸ್ಸಿನಲ್ಲಿ ಗೊತ್ತಾದರೆ ಎದೆ ಒಡೆದುಕೊಂಡು ಸಾಯುತ್ತಾನೆ. ಅವಸರದಿಂದ ಎದ್ದು ಚೌಕಟ್ಟುಗಳನ್ನು ಮತ್ತೆ ತಲೆಕೆಳಗಾಗಿ ತೂಗುಹಾಕತೊಡಗಿದಳು.

"ಓದಿಬಿಟ್ಯಾ?"

ಬಾಗಿಲಲ್ಲಿ ಮಾವ ನಿಂತಿದ್ದ. ಅವಳು ಹೋಗಿ ಅವನ ಎರಡೂ ಕೈ ಹಿಡಿದುಕೊಂಡಳು.

"ಮಾವ, ನನ್ನಾಣೆ. ನೀನು ಇವನ್ನ ಯಾವತ್ತೂ ಓದ್ಬೇಡ."

ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಗೋಡೆಯ ಬಳಿ ಹೋದ. ಸೊಟ್ಟಗಿದ್ದ ಕೊನೆಯ ಚೌಕಟ್ಟನ್ನು ಹೆಬ್ಬೆರಳಿನಿಂದ ಸರಿಪಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ.

"ಓದದೆ ಇರ್ತೀನಾ? ಬಂದ ಬಂದ ದಿನವೇ ಓದಿದ್ದೀನಿ. ಕರ್ಕೊಂಡು ಬಂದುಬಿಟ್ಟಿದ್ರೆ ಇಂಥ ಅಕ್ಷರ ಎಲ್ಲಿಂದ ಬರ್ತಿತ್ತು, ನೀನೇ ಹೇಳು?"