ತಂತಿ ಬಿಡದ ಇಲಿ

ಹರಿದ ಸ್ನಾಯುವನ್ನು ಮತ್ತೆ ಬೆಳೆಸುವ ಪೆಪ್ಟೈಡ್ ಎಂಬ ಮದ್ದಿಗಾಗಿ ಪ್ರೊಫೆಸರು ಅರ್ಧ ಆಯುಷ್ಯ ಸವೆಸಿದ್ದರು. ಇಂದು ಪರೀಕ್ಷೆ. ಕಾಲಿಗೆ ಗಾಯವಾದ ಇಲಿಯನ್ನು ತಂತಿ ಹಿಡಿದು ಜೋತಾಡುವಂತೆ ಬಿಟ್ಟು, ಅದು ಕೆಳಗಿನ ಹತ್ತಿಯ ತೊಟ್ಟಿಗೆ ಬೀಳುವವರೆಗೆ ಕಾಯಬೇಕು; ಹೆಚ್ಚು ಹೊತ್ತು ಹಿಡಿದಷ್ಟೂ ಸ್ನಾಯು ಗಟ್ಟಿ ಎಂದರ್ಥ.

ಪ್ರೊಫೆಸರು ಊಟ ಮುಗಿಸಿ ಬಂದರೂ ಇಲಿ ತಂತಿ ಬಿಟ್ಟಿರಲಿಲ್ಲ.

"ಅಬ್ಬಾ, ಏನು ಹಿಡಿತ ನೋಡಮ್ಮ! ನನ್ನ ಪೆಪ್ಟೈಡ್ ಗೆದ್ದುಬಿಡ್ತು!" ಅವರ ಕಣ್ಣು ತುಂಬಿ ಬಂತು.

ಸಂಶೋಧನಾ ವಿದ್ಯಾರ್ಥಿನಿ ವಾರಿಜಾ ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. "ಸಾರ್, ಇದು ಹೋಲಿಕೆಗೆ ಇಟ್ಟ ಇಲಿ. ಇದಕ್ಕೆ ಚುಚ್ಚಿರೋದು ಬರೀ ಉಪ್ಪುನೀರು."

"ಮತ್ತೆ ಯಾಕೆ ಬೀಳ್ತಿಲ್ಲ? ಪೆಪ್ಟೈಡ್ ಹಾಕಿದ್ದ ಇಲಿ ಎಲ್ಲಿ?"

"ಅದು ಗೂಡಿನ ಬಾಗಿಲು ಕಿತ್ತು ಬಂದು, ಕೆಳಗೆ ಹತ್ತಿ ಮೇಲೆ ತೋಳೇರಿಸಿಕೊಂಡು ಇದಕ್ಕೇ ಕಾಯ್ತಾ ನಿಂತಿದೆ ಸಾರ್."