ಹಾಲ್‌ನೊಳಗಿನ ಭಾಲ್ಕಿ ರೋಡು

“ಯವ್ವಾ, ಇದು ಹೋಗವಲ್ದು!”

ಐದನೆಯ ನಿಮಿಷಕ್ಕೇ ಶೀತಲ ಕೂಗಿಬಿಟ್ಟಳು. ಹೋಗುವುದಾದರೂ ಎಲ್ಲಿಗೆ? ಬೀದರಿನ ಮೈಲೂರ ಬಡಾವಣೆಯ ಆ ಹಾಲ್‌ನಲ್ಲಿ ಸೈಕಲ್ಲಿನ ಹಿಂದಿನ ಗಾಲಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಕಚ್ಚಿಸಿ ನಿಲ್ಲಿಸಿದ್ದರು. ಎಷ್ಟು ತುಳಿದರೂ ಗಾಲಿ ಇದ್ದಲ್ಲೇ ತಿರುಗುತ್ತಿತ್ತು. ಎದುರಿಗೆ ಅದೇ ಸುಣ್ಣದ ಗೋಡೆ. ಪಕ್ಕದ ಸ್ಕ್ರೀನು ಮಾತ್ರ ಕಾಲಿನ ಜೋರನ್ನು ಅಳೆದು ವ್ಯಾಟ್ ಲೆಕ್ಕದಲ್ಲಿ ತೋರಿಸುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಸರಾಸರಿ ನೂರಾ ಎಪ್ಪತ್ತು ಬಂದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ಇಲ್ಲವಾದರೆ ಬಂದ ಬಸ್ಸಿಗೇ ವಾಪಸ್ಸು. ಶೀತಲಳದು ಈಗ ನೂರಾ ಐವತ್ತೆರಡು.

“ಹ್ಯಾಂಡಲ್ ಜಗ್ಗಬ್ಯಾಡ. ಬರೇ ಅಂಕಿ ನೋಡು,” ಎಂದರು ಕೋಚ್ ನಾಗಸೇನ. ಕೈಯಲ್ಲಿ ಹಾಳೆ, ಕೊರಳಲ್ಲಿ ಸೀಟಿ, ಗೋಡೆಗೂ ಸೈಕಲ್ಲಿಗೂ ನಡುವೆ ನಿಂತಿದ್ದರು.

“ಅಂಕಿ ನೋಡ್ಕೋತ ಯಾರರ ಸೈಕಲ್ ಹೊಡೀತಾರೇನ್ರಿ ಸರ? ಗಾಳಿ ಇಲ್ಲ, ಏರಿಲ್ಲ, ಒಂದು ಎಮ್ಮಿನೂ ಅಡ್ಡ ಬರವಲ್ದು!”

ಆಗಷ್ಟೇ ನೂರಾ ಎಪ್ಪತ್ತೆಂಟು ಮಾಡಿ ಇಳಿದಿದ್ದ ಔರಾದದ ನಸ್ರೀನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಕ್ಕಳು. “ನಾ ಮನ್ಯಾಗ ಇಂಥಾದರ ಮ್ಯಾಲೇ ಆರು ತಿಂಗಳ ಹೊಡದೀನಿ. ಗ್ವಾಡಿ ಜೋಡಿ ದೋಸ್ತಿ ಮಾಡ್ಕೊ.”

“ನಿನ್ನ ಗ್ವಾಡಿ ನೀನೇ ಇಟ್ಕೊ. ರೋಡಿಗೆ ಬಾ, ತೋರಸ್ತೇನಿ.”

“ಬರ್ತೇನಿ. ಮೊದಲ ನೀ ಇಲ್ಲಿಂದ ಪಾಸಾಗಿ ಹೊರಗ ಬಾ!”

ಶೀತಲಳದು ಬರೀ ಬಾಯಿಮಾತಲ್ಲ. ಖಟಕ ಚಿಂಚೋಳಿಯಿಂದ ಭಾಲ್ಕಿಯ ಕಾಲೇಜಿಗೆ ಸೈಕಲ್ ಮೇಲೇ ಹೋಗಿಬರುವ ಹುಡುಗಿ. ಏರಿನಲ್ಲಿ ಏದುಸಿರು ಬಿಡುವ ಬಸ್ಸನ್ನು ಹಿಂದೆ ಹಾಕಿ, ಕಿಟಕಿಯವರಿಗೆ ಕೈ ಬೀಸುವಾಕೆ. ಆದರೆ ಅಂಥ ಕಾಲಿಗೆ ಇಲ್ಲಿ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ನೂರಾ ಐವತ್ತು. ನೂರಾ ನಲವತ್ತೊಂಬತ್ತು.

ಬಾಗಿಲ ಬಳಿ ಕುಳಿತಿದ್ದ ತಾಯಿ ಸತ್ಯಮ್ಮ ಎದ್ದು ಬಂದಳು. ಆ ವ್ಯಾಟು, ಸರಾಸರಿ ಒಂದೂ ಅವಳಿಗೆ ಗೊತ್ತಿಲ್ಲ. ಮಗಳ ಮುಖ ಗೊತ್ತು. ಅದಕ್ಕಿಂತ ಚೆನ್ನಾಗಿ ಆ ರೋಡು ಗೊತ್ತು. ಹದಿನೈದು ವರ್ಷ ಅದೇ ರೋಡಿನ ಬಾಜೂಕ್ಕೆ ಕುರಿ ಹೊಡೆದುಕೊಂಡು ತಿರುಗಿದವಳು. ಕುರಿಯ ಹಿಂದೆ ನಡೆದವರಿಗೆ ಯಾವ ದಿಬ್ಬ ಎಷ್ಟು ಎತ್ತರ ಅಂತ ಯಾರೂ ಹೇಳಿಕೊಡಬೇಕಿಲ್ಲ.

“ಕಣ್ಣು ಮುಚ್ಚು,” ಎಂದಳು. “ಸಾಲಿ ದಾಟಿದಿ. ಹಿಟ್ಟಿನ ಗಿರಣಿ ದಾಟಿದಿ. ಈಗ ಬಸವಣ್ಣನ ಏರು ಬಂತು ನೋಡು, ಎದ್ದು ತುಳಿ!”

ಶೀತಲಳ ಕಾಲಿಗೆ ಒಮ್ಮೆಲೇ ಬುದ್ಧಿ ಬಂತು. ಗೇರು ಬಿತ್ತು, ಗಾಲಿ ಗುಂಯ್ ಎಂದಿತು.

“ಅಕ್ಕೋರ, ಟೆಸ್ಟ್ ನಡದದ್ರಿ. ಹೊರಗಿನವರು ಮಾತಾಡಬಾರದು,” ಎಂದರು ನಾಗಸೇನ.

“ನಾ ಹೊರಗಿನಾಕಿ ಹ್ಯಾಂಗ ಆಗ್ತೇನ್ರಿ ಸಾಹೇಬ್ರ? ಅಕಿನ್ನ ಹಡದಾಕಿ. ಹೌದಿಲ್ರಿ?”

ನಾಗಸೇನ ಹಾಳೆ ತಿರುವಿ ನಿಯಮ ಓದಿದರು. ಸೈಕಲ್ ಮುಟ್ಟಬಾರದು ಎಂದಿತ್ತು. ಮಾತಾಡಬಾರದು ಎಂದು ಎಲ್ಲೂ ಇರಲಿಲ್ಲ. “ಮುಟ್ಟಬ್ಯಾಡ್ರಿ ಮತ್ತ,” ಎಂದರು.

ಸತ್ಯಮ್ಮನನ್ನು ಹಿಡಿಯುವವರು ಯಾರು? ಬೇವಿನಗಿಡದ ತಿರುವು, ಕಬ್ಬಿನ ಟ್ರ್ಯಾಕ್ಟರು, ಡಾಂಬರು ಕಿತ್ತ ಜಾಗ, ಒಂದೊಂದನ್ನೂ ಕೂಗಿ ಕೂಗಿ ತಂದು ಮಗಳ ಮುಂದೆ ಹಾಸಿದಳು. ಹಿಂದೆ ಬಿದ್ದ ನಾಯಿಯನ್ನೂ ಬಿಡಲಿಲ್ಲ. “ಕರೀದು ಬಂತು, ಕಾಲು ಹಿಡೀತದ, ಜೋರ್ ತುಳಿ!” ಎಂದಾಗ ನಸ್ರೀನ ಬಿದ್ದು ಬಿದ್ದು ನಕ್ಕಳು. ಸ್ಕ್ರೀನಿನ ಅಂಕಿ ಎದ್ದಿತು. ನೂರಾ ಐವತ್ತೆಂಟು, ನೂರಾ ಅರವತ್ತಮೂರು.

“ಹಳ್ಳದ ಇಳಕಲ್ ಬಂತು,” ಎಂದಳು ಸತ್ಯಮ್ಮ. ಶೀತಲ ಇಳಿಜಾರಿನಲ್ಲಿ ಮಾಡುವಂತೆ ಬೆನ್ನು ಬಗ್ಗಿಸಿ ಕಾಲು ಹಗುರ ಬಿಟ್ಟಳು. ಅಂಕಿ ಜಾರಿತು.

ನಸ್ರೀನ ಓಡಿಬಂದು ಸತ್ಯಮ್ಮನ ಕಿವಿಯಲ್ಲಿ, “ಚಾಚಿ, ಇಳಕಲ್ ಹೇಳಬ್ಯಾಡ್ರಿ! ಇದರಾಗ ಕಾಲು ಬಿಟ್ರ ಮುಗೀತು,” ಎಂದಳು.

ಸತ್ಯಮ್ಮ ಒಂದು ಗಳಿಗೆ ಮಾತ್ರ ಯೋಚಿಸಿದಳು. “ಇಳಕಲ್ ಖರೆ, ಆದ್ರ ಎದುರುಗಾಳಿ ಅದ ನೋಡವ್ವ ಇವತ್ತ! ಧೂಳಿ ಎಬ್ಬಿಸ್ಕೋತ ಬರ್ಲತದ, ತುಳಿ!”

“ಖೋಟಿ ಹೇಳ್ತಿ ಯವ್ವ,” ಎಂದಳು ಶೀತಲ ಕಣ್ಣು ಮುಚ್ಚಿಕೊಂಡೇ. ಆದರೂ ತುಳಿದಳು. ಹಲ್ಲು ಕಚ್ಚಿ, ಮುಖ ಓರೆ ಮಾಡಿ, ಇಲ್ಲದ ಗಾಳಿಗೆ ತಲೆ ಕೊಟ್ಟು ತುಳಿದಳು. ಬೆವರು ನೆಲಕ್ಕೆ ತೊಟ್ಟಿಕ್ಕಿತು. ಅಂಕಿ ನೂರಾ ತೊಂಬತ್ತೈದು ದಾಟಿತು. ಸಾಲಿನಲ್ಲಿ ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ಆಮೇಲೆ ಆ ರೋಡಿನಲ್ಲಿ ಒಂದು ಇಳಕಲ್ಲೂ ಬರಲಿಲ್ಲ.

ಗಡಿಯಾರ ಕೀಂಯ್ ಎಂದಿತು. ನಾಗಸೇನ ಸ್ಕ್ರೀನಿಗೆ ಬಗ್ಗಿ ಎರಡು ಸಲ ನೋಡಿದರು. “ನೂರಾ ಎಪ್ಪತ್ತೆರಡು. ಪಾಸ್!”

ನಸ್ರೀನ ಸೀಟಿ ಹೊಡೆದಳು. ಶೀತಲ ಮಾತ್ರ ತುಳಿಯುತ್ತಲೇ ಇದ್ದಳು.

“ಶೀತಲ, ಆಯ್ತವ್ವ. ಸಾಕು, ಇಳಿ.”

“ತಡೀಬ್ಯಾಡ್ರಿ ಸಾಹೇಬ್ರ,” ಎಂದಳು ಸತ್ಯಮ್ಮ. ಅವಳ ಕಣ್ಣೂ ಈಗ ಅರ್ಧ ಮುಚ್ಚಿತ್ತು. “ಭಾಲ್ಕಿ ಇನ್ನಾ ಬಂದಿಲ್ಲ. ಬಾಜೂಕ ಸರೀರಿ, ಹುಡುಗಿ ಜೋರಿನ್ಯಾಗ ಅದಾಳ.”

ಸ್ಟ್ಯಾಂಡಿಗೆ ಕಚ್ಚಿಸಿದ ಆ ಸೈಕಲ್ಲಿನ ಮುಂದಿನಿಂದ ನಾಗಸೇನ ಹಾಳೆಯನ್ನು ಎದೆಗೆ ಒತ್ತಿಕೊಂಡು, ಗಡಿಬಿಡಿಯಲ್ಲಿ ಎರಡು ಹೆಜ್ಜೆ ಸರಿದು ದಾರಿ ಬಿಟ್ಟರು.